ಮೂರು ಗಂಟೆಯ ನೀರು

ಉಪ್ಪಾರಹಳ್ಳಿ ಕಡೆಯ ಏಳು ವಾಲ್ವು ನನ್ನವು.
ಹೆಗಲಿಗೆ ಕಬ್ಬಿಣದ ತಿರುಗಣಿ, ಹ್ಯಾಂಡಲಿಗೆ ಬ್ಯಾಟರಿ ಕಟ್ಟಿ
ರಾತ್ರಿಯೆಲ್ಲ ಸೈಕಲ್ ತುಳಿಯುತ್ತೇನೆ.
ಯಾವ ಮನೆಯ ಸಂಪು ಆಳ, ಯಾವ ಮನೆ ಕದ್ದು ಮೋಟರು ಹಾಕುತ್ತದೆ,
ಎಲ್ಲ ಗೊತ್ತು. ಮುಖಗಳು ಅಷ್ಟಾಗಿ ಗೊತ್ತಿಲ್ಲ.
ನಾನು ಬರುವಾಗ ಬೀದಿ ಮಲಗಿರುತ್ತದೆ.

ಅವನೊಬ್ಬ ಎದ್ದಿರುತ್ತಿದ್ದ,
ರೇವಣ್ಣನವರ ಮನೆಯ ಹೊರಮೆಟ್ಟಿಲಲ್ಲಿ, ಮೊಣಕಾಲಿಗೆ ಗದ್ದ ಊರಿ,
ಫೋನು ಕಿವಿಗೆ ಹಿಡಿದು.
ಮೊದಲ ರಾತ್ರಿ ಕಳ್ಳನೆಂದುಕೊಂಡೆ.
ಅವನೂ ಹಾಗೇ ಅಂದುಕೊಂಡನಂತೆ;
ಕಬ್ಬಿಣ ಇದ್ದದ್ದು ನನ್ನ ಕೈಯಲ್ಲಿ ತಾನೆ.

ಹೆಸರು ತಿಯಾಮಿಕೆ. ಮಲಾವಿ ದೇಶ, ಮಂಗೋಚಿ ಊರು.
ಇಂಜಿನಿಯರಿಂಗ್ ಓದಲು ತುಮಕೂರಿಗೆ.
ಬೀದಿ ಒಂದು ವಾರ ತಡವರಿಸಿ, ತಿಮ್ಮಣ್ಣ ಎಂದಿತು.

ಇಲ್ಲಿ ಮೂರಾದರೆ ಅಲ್ಲಿನ್ನೂ ಹನ್ನೊಂದೂವರೆ,
ಅವನಮ್ಮ ಹೋಟೆಲು ತೊಳೆದು ಕೂರುವ ಹೊತ್ತು.
ಫೋನಿಟ್ಟ ಮೇಲೆ ನನಗೆ ಹೇಳುತ್ತಿದ್ದ,
ಅವನ ಹರಕು ಕನ್ನಡ, ನನ್ನ ಹರಕು ಇಂಗ್ಲಿಷು ಸೇರಿಸಿ ಹೊಲೆದು:
ಹೂಂ ಅಂದರೂ ಊಹೂಂ ಅಂದರೂ ನೀವು ಒಂದೇ ಥರ ತಲೆ ಆಡಿಸ್ತೀರ.
ಎಸ್ಪಿ ಆಫೀಸಿಗೆ ನಾಲ್ಕು ಸಲ ಹೋದೆ, ಪ್ರತಿ ಸಲ ಒಂದು ಜೆರಾಕ್ಸು ಕಮ್ಮಿ.
ಸಿಟಿ ಬಸ್ಸಲ್ಲಿ ನನ್ನ ಪಕ್ಕದ ಸೀಟು ಖಾಲಿ ಇರುತ್ತೆ,
ನಿಂತವರು ನಿಂತೇ ಇರ್ತಾರೆ,
ಕಾಲು ನೋಯಲ್ವಾ ಅಣ್ಣ, ಅವರಿಗೆ?

ಏನು ಹೇಳಲಿ. ವಾಲ್ವಿನ ಗುಂಡಿಗೆ ಬಗ್ಗಿದೆ.

ನೀರು ನಾಲ್ಕು ದಿನಕ್ಕೊಮ್ಮೆ ಎಂದು
ಯಾರೂ ಹೇಳಿರಲಿಲ್ಲ ಅವನಿಗೆ. ಮೊದಲ ಹತ್ತು ದಿನ
ಕ್ಯಾನು ನೀರಲ್ಲೇ ಸ್ನಾನ, ಮಗ್ಗು ಎಣಿಸಿ.
ಒಂದು ಭಾನುವಾರ ಅಮಾನಿಕೆರೆ ತೋರಿಸಿದೆ.
ಏನೂ ಅನ್ನಲಿಲ್ಲ ಪಾಪ, ಮರ್ಯಾದಸ್ಥ.
ಆಮೇಲೆ ತಿಳಿಯಿತು, ಅವನೂರಿನ ಕೆರೆಗೆ
ಆಚೆ ದಡವೇ ಕಾಣುವುದಿಲ್ಲವಂತೆ, ಅಲೆ ಏಳುತ್ತದಂತೆ.
ಅಂಥವನು ಇಲ್ಲಿ ಆರು ಬಕೆಟ್ಟಿಗೆ ನಂಬರು ಬರೆದಿದ್ದಾನೆ:
ಒಂದು ಅಡಿಗೆಗೆ, ಎರಡು ಮೈಗೆ,
ಆರು, ಏನಾದರೂ ಮುಟ್ಟಕೂಡದು.

ಈ ನೀರೂ ಈ ಊರಿನದಲ್ಲ ಕಣೋ, ಅಂದೆ,
ಹೇಮಾವತಿ. ಎಲ್ಲಿಯೋ ಹುಟ್ಟಿ, ಕಾಲುವೆ ಹಿಡಿದು ಬಂದು,
ಬುಗುಡನಹಳ್ಳಿ ಕೆರೆಯಲ್ಲಿ ಕಾದು ಕಾದು, ಕ್ಲೋರಿನ್ ಕುಡಿದು
ನಿನ್ನ ಬಕೆಟ್ಟಿಗೆ ಇಳಿಯುತ್ತಾಳೆ.
ಅವಳಿಗೂ ಎಸ್ಪಿ ಆಫೀಸಾ, ಅಂದ.

ನಮ್ಮ ಪುಟ್ಟರತ್ನ ಮುದ್ದೆ, ಹುರುಳಿ ಬಸ್ಸಾರು ಕಟ್ಟಿಕೊಟ್ಟಿದ್ದಳು.
ಹೇಳಿಕೊಡೋಣವೆಂದು ಕೂತೆ. ಅಷ್ಟರಲ್ಲಿ
ಮುರಿದು, ಉಂಡೆ ಮಾಡಿ, ಹೆಬ್ಬೆರಳಿಂದ ಗುಳಿ ಒತ್ತಿ
ಸಾರು ತುಂಬಿಕೊಂಡಿದ್ದ.
ನಮ್ಮಲ್ಲಿ ಇದು ಬೆಳ್ಳಗೆ, ಮುಸುಕಿನ ಜೋಳದ್ದು, ಅಂದ.
ಆದರೆ ಅಗಿದ. ಅಗೀಬ್ಯಾಡ ಕಣಪ್ಪ, ನುಂಗು, ಅಂದರೆ
ಅಷ್ಟು ಅರ್ಜೆಂಟೇನಣ್ಣ, ಅನ್ನುತ್ತಾನೆ.
ಇವತ್ತಿಗೂ ಅಗಿಯುತ್ತಾನೆ.

ಅವನ ಫೋನಿನ ಮಾತಲ್ಲಿ ನಾನು ಹಿಡಿದದ್ದು ಒಂದೇ ಪದ, ಮಾಡ್ಜಿ.
ದಿನಾ ಬರುತ್ತಿತ್ತು, ನಿಟ್ಟುಸಿರಿನ ಜೊತೆ.
ಯಾವಳೋ ಹುಡುಗಿ ಇರಬೇಕು ಅಂದುಕೊಂಡಿದ್ದೆ.
ನೀರಂತೆ.

ಈಗ ಮೂರನೇ ವರ್ಷ. ಮೊನ್ನೆ ಮಂಗಳವಾರ
ತಿರುಗಣಿ ಇಳಿಸಿ ಅರ್ಧ ಸುತ್ತು ತಿರುಗಿಸಿದ್ದೆ ಅಷ್ಟೆ,
ನಲ್ಲಿಗಳು ಇನ್ನೂ ಗಾಳಿ ಉಗುಳುತ್ತಿದ್ದವು.
ತಾರಸಿಯಿಂದ ಕೂಗು:
ನೀರು ಬಂತೂ, ಏಳ್ರಪ್ಪೋ!
ಪಾರ್ವತಕ್ಕ, ನಿಮ್ಮ ಸಂಪಿನ ಮುಚ್ಚಳ ತೆಗೀರಿ!
ಒಂದೊಂದೇ ಲೈಟು. ಬಿಂದಿಗೆ ಸದ್ದು.
ಯಾರೋ ಆಕಳಿಸುತ್ತ ಬೈದರು, ತಿಮ್ಮಣ್ಣ ಎಂದು ಹೆಸರು ಹಿಡಿದು.

ಫೋನು ಇನ್ನೂ ಕಿವಿಯಲ್ಲೇ ಇತ್ತಂತೆ.
ಯಾರ ಜೊತೆ ಜಗಳ ಮಗನೇ, ಯಾವ ಭಾಷೆ ಅದು,
ಅಮ್ಮ ಗಾಬರಿಬಿದ್ದು ಕೇಳಿದಳಂತೆ.
ಬಕೆಟ್ಟು ಹಿಡಿದು ಇಳಿಯುತ್ತ ಇಷ್ಟು ಹೇಳಿದ, ನಿಲ್ಲಲಿಲ್ಲ.
ಮೂರು ಬಕೆಟ್ಟು ಇನ್ನೂ ತುಂಬಬೇಕಿತ್ತು.
ನಾನೂ ಸೈಕಲ್ ಹತ್ತಿದೆ,
ಮುಂದಿನ ಬೀದಿಗೆ ಆಗಲೇ ತಡವಾಗಿತ್ತು.