ನಿಂತರೂ ಬೀಳದ್ದು

ಕುಕ್ಸ್‌ಹಾಫನ್ ಬಂದರಿನಲ್ಲಿ ಮೂವತ್ತೊಂದು ವರ್ಷ
ಕ್ರೇನು ನಡೆಸಿದವನು ನಾನು.
ಭಾರ ಅಂದರೇನೆಂದು ನನ್ನ ಮೊಣಕೈಗೆ ಗೊತ್ತು,
ಚಳಿ ಬಿದ್ದಾಗ ಈಗಲೂ ಹೇಳುತ್ತದೆ.
ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೂತು
ಭಾರವೇ ಇಲ್ಲದ್ದನ್ನು ಕಟ್ಟುತ್ತಿದ್ದೇನೆ:
ನೌಕಾದಳದ ಜೆಪ್ಪೆಲಿನ್,
ಕಂಪ್ಯೂಟರಿನ ಆಕಾಶದಲ್ಲಿ ಹಾರಲಿಕ್ಕೆ.

ನಕ್ಷೆ ಸಿಕ್ಕಿದ್ದು ಅರ್ಧ. ಉಳಿದರ್ಧ ಇಲಿಯ ಪಾಲು.
ಇಲಿ ತಿಂದಲ್ಲೆಲ್ಲ ಹಳೆ ಫೋಟೋಕ್ಕೆ ಭೂತಗನ್ನಡಿ ಹಿಡಿದು
ಉಂಗುರ ಎಣಿಸಿದೆ, ಪಕ್ಕೆಲುಬು ಎಣಿಸಿದೆ,
ಹಗ್ಗ ಹಿಡಿದು ನಿಂತ ಹುಡುಗರ ಟೋಪಿ ಕೂಡ.
ಒಬ್ಬ ಆಕಳಿಸುತ್ತಿದ್ದ.

ಒಳಗಿನ ಅನಿಲದ ಚೀಲಗಳು ದನದ ಕರುಳಿನ ಪೊರೆಯವು.
ಒಂದೊಂದು ಹಡಗಿಗೂ ಲಕ್ಷಗಟ್ಟಲೆ ದನ.
ಕಟುಕರಂಗಡಿಯಲ್ಲಿ ಸಾಸೇಜಿಗೆ ಕರುಳಿಲ್ಲ,
ತಟ್ಟೆಯಿಂದ ಎತ್ತಿ ಆಕಾಶಕ್ಕೆ ಹೊಲಿದರು.
ನನಗೆ ಒಂದು ಕರುವೂ ಬೇಕಾಗಲಿಲ್ಲ,
ನಾಲ್ಕು ಸಾಲು ಅಂಕಿ, ಚೂರು ಹಳದಿ ಬಣ್ಣ.

ಆದರೆ ಈ ಆಟದ ಲೋಕ ಮೊಂಡು.
ಅದಕ್ಕೆ ಗೊತ್ತಿರುವುದು ರೆಕ್ಕೆಯೊಂದೇ.
ಓಡು, ಇಲ್ಲವೇ ಬೀಳು.
ಮೊದಲ ದಿನ ನನ್ನ ಹಡಗು
ಬಾವಿಗೆ ಬಿದ್ದ ಕಾಸಿನಂತೆ ನೆಲದೊಳಕ್ಕೇ ಇಳಿಯಿತು.
ಆಮೇಲೊಂದು ದಿನ ಬಾಲ ಮೇಲಾಗಿ
ನಕ್ಷತ್ರಗಳ ಕಡೆ ಹೋದದ್ದು ವಾಪಸು ಬರಲಿಲ್ಲ.
ಗಾಳಿ ಗುದ್ದಿ ಮೈ ನೋಯಿಸಿಕೊಂಡೆ, ಮೂರು ಚಳಿಗಾಲ.

ಕೊನೆಗೆ ಸುಳ್ಳು ಹೇಳಿದೆ.
ಕಾಣದೊಂದು ರೆಕ್ಕೆ ಬಚ್ಚಿಟ್ಟು
ನಿಂತಿದ್ದರೂ ನೀನು ಓಡುತ್ತಿದ್ದೀ ಅಂದೆ.
ನಂಬಿತು.
ನೋರ್ಡ್‌ಹೋಲ್ಟ್ಸಿನ ಶೆಡ್ಡುಗಳ ಮೇಲೆ, ಗಾಳಿಗೆ ಮೂಗು ಕೊಟ್ಟು,
ಎಂಜಿನು ಆರಿಸಿದರೂ ತೇಲಿತು.
ಆಂಟ್ಯೆಯನ್ನು ಎಬ್ಬಿಸಿ ತಂದೆ.
ಚಪ್ಪಲಿ ಎಳೆಯುತ್ತ ಬಂದವಳು ಬಹಳ ಹೊತ್ತು ನೋಡಿದಳು.
‘ಇದು ಏನೂ ಮಾಡುತ್ತಿಲ್ಲವಲ್ಲ’ ಅಂದಳು.
‘ಹೌದು ಮಾರಾಯ್ತಿ, ಅದೇ!’

ಕಡಲಿನ ಆಚೆ, ಹಲ್ ಪಟ್ಟಣದಲ್ಲಿ, ಬೆರಿಲ್ ಸ್ಕೆಲ್ಟನ್.
ಅಂಚೆ ಹಂಚಿ ಹಂಚಿ ನಿವೃತ್ತಳಾದವಳು,
ಊರಿನ ಬಾಗಿಲು ಬಾಗಿಲೂ ಕಂಠಪಾಠ.
ಸಾವಿರದೊಂಬೈನೂರ ಹದಿನೈದರ ತನ್ನೂರನ್ನು
ಅದೇ ಲೋಕದಲ್ಲಿ ಕಟ್ಟುತ್ತಿದ್ದಾಳೆ,
ಹೊಗೆಗೂಡು, ದೀಪದ ಕಂಬ, ಹಗ್ಗದ ಮೇಲೆ ಒಣಗಿದ ಲಂಗ.
ನನ್ನ ಹಡಗನ್ನು ಒಳಹೊಕ್ಕು ನೋಡಿ ಕೇಳಿದಳು:
‘ನಡುಕೋಣೆಯ ಮೂಟೆಯಲ್ಲಿ ಏನಿದೆ?’
‘ಮರಳು.’
‘ನನ್ನಜ್ಜಿಯ ಅಕ್ಕ ಮರಳು ಬಿದ್ದು ಸಾಯಲಿಲ್ಲ, ಹೌಕೆ.’

ಎರಡು ದಿನ ಆ ಕೋಣೆಗೆ ಕಾಲಿಡಲಿಲ್ಲ.
ಮೂರನೆಯ ದಿನ ಮೂಟೆ ತೆಗೆದೆ, ಬಾಂಬು ಮಾಡಿದೆ.
ಸಂಜೆಯೊಳಗೆ ಮುಗಿಯಿತು.
ಇಡೀ ಹಡಗಿನಲ್ಲಿ ಇದಕ್ಕಿಂತ ಸುಲಭದ್ದು ಯಾವುದೂ ಇರಲಿಲ್ಲ.
ಬೀಳುವುದು ಆ ಲೋಕಕ್ಕೆ ಹುಟ್ಟುಗುಣ,
ಒಂದೇ ಒಂದು ಸುಳ್ಳೂ ಬೇಕಾಗಲಿಲ್ಲ.

ಶನಿವಾರ ರಾತ್ರಿ ಹೊರಟೆ. ಏಳು ಗಂಟೆ ಬರೀ ಕಡಲು.
ಅವಳು ತನ್ನ ಬೀದಿಯಲ್ಲಿ, ಒಂದು ಕಿಟಕಿಯ ಹಿಂದೆ
ಕಾಯುತ್ತಿದ್ದಳು. ಯಾರ ಕಿಟಕಿ ಅಂತ ಕೇಳಲಿಲ್ಲ.
ಹೆಡ್‌ಫೋನಿನಲ್ಲಿ ಅವಳ ಉಸಿರು.
‘ಸದ್ದು ಸರಿಯಿದೆ’ ಅಂದಳು,
‘ಮಾಡಿನ ಮೇಲೆ ಗೂಡ್ಸ್ ರೈಲು ಹೋದ ಹಾಗೆ,
ಅಜ್ಜಿ ಹೀಗೇ ಹೇಳುತ್ತಿದ್ದಳು.’
ಕೆಳಗೆ ಲಂಗ, ಕಂಬ, ಬಾಗಿಲು ಬಾಗಿಲು.
ಬೀಳಿಸು ಅನ್ನಲಿಲ್ಲ ಅವಳು. ಬೇಡ ಅಂತಲೂ.
ಕ್ರೇನಿನ ಸನ್ನೆಕೋಲು ಹಿಡಿದ ಹಾಗೇ ಕೈ ಬಿಗಿಯಾಯಿತು;
ಎಂಜಿನು ಆರಿಸಿದೆ.

ಆಂಟ್ಯೆ ಕೂಗಿದಳು, ಸೂಪು ಆರುತ್ತಿದೆಯೆಂದು.
ಹಾಗೇ ಬಿಟ್ಟು ಎದ್ದೆ.

ಬೆಳಿಗ್ಗೆ ನೋಡಿದರೆ ಪಡುವಣ ಗಾಳಿ
ಅದನ್ನು ಮತ್ತೆ ಕಡಲಿಗೆ ತಳ್ಳಿತ್ತು, ಅಡ್ಡಡ್ಡ.
ಬಾಂಬು ಎಣಿಸಿದೆ.
ಕನ್ನಡಕ ಒರೆಸಿ
ಇನ್ನೊಂದು ಸಲ ಎಣಿಸಿದೆ.