ಅರವತ್ತೆರಡು ಮುಖ

ಎಸ್.ಪಿ. ರೋಡು, ಎರಡನೇ ಮಹಡಿ.
ಇಮ್ದಾದ್ ಭಾಯಿ ಎರಡು ಲ್ಯಾಪ್‌ಟಾಪ್ ಬಿಚ್ಚಿಟ್ಟು
ಕೋರು ಎಷ್ಟು, ಗಿಗಾಹರ್ಟ್ಸ್ ಎಷ್ಟು,
ಜಾತಕ ಕೂಡಿಸುವವರಂತೆ ಓದಿದರು.

ಅಂಕಿ ನನಗೂ ತಿಳಿಯುತ್ತದೆ.
ಆದರೂ ಪರ್ಸಿನಿಂದ ಪೆನ್‌ಡ್ರೈವ್ ತೆಗೆದೆ:
ಸುಂಕದಕಟ್ಟೆಯ ಹುಟ್ಟುಹಬ್ಬದ ಬ್ಯಾನರು,
ಇಪ್ಪತ್ತಕ್ಕೆ ಹತ್ತಡಿ, ಅರವತ್ತೆರಡು ಮುಖ,
ಮುಖಕ್ಕೊಂದು ಲೇಯರು, ಹಿಂದೊಂದು ಸಿಂಹ.
ಇದನ್ನು ಎತ್ತಲಿ, ಆಮೇಲೆ ಮಾತು.

ಮೊದಲನೆಯದರ ಫ್ಯಾನು
ಉಬ್ಬಸದವರ ಹಾಗೆ ಏದಿತು.
ನಾಯಕರು ಬಂದರು, ಸಿಂಹದ ಅರ್ಧ ಬಂತು,
ಬಲಗಡೆಯ ಹಿತೈಷಿಗಳು ಒಬ್ಬೊಬ್ಬರೇ,
ಕಟ್ಟಕಡೆಗೆ ಕೆಳಮೂಲೆಯಲ್ಲಿ
ಉಗುರಿನಷ್ಟು ಬೋರಯ್ಯ.
ಒಂದು ನಿಮಿಷ ಐವತ್ತು ಸೆಕೆಂಡು.

ಎರಡನೆಯದಕ್ಕೆ ಹನ್ನೊಂದೇ!
ಲಿಫ್ಟಿನ ಬಾಗಿಲು ತೆರೆದಂತೆ ಎಲ್ಲರೂ ಒಟ್ಟಿಗೇ.
"ನೋಡಿದ್ರಾ ಮೇಡಂ?" ಅಂದರು ಭಾಯಿ.
ನಾನಿನ್ನೂ ಮೂಲೆ ಹುಡುಕುತ್ತಿದ್ದೆ.

ಬೋರಯ್ಯ, ಪಂಕ್ಚರ್ ಅಂಗಡಿ.
ಮುಖ ಹಾಕಿಸಲು ಐನೂರು ಕೊಟ್ಟು
"ಮೀಸೆ ಒಸಿ ಕಪ್ಪಗ್ ಮಾಡವ್ವ" ಅಂದಿದ್ದರು.
ಯುಗಾದಿ ಕಳೆದ ವಾರ
ಅದೇ ಮುಖ ಕತ್ತರಿಸಿ ಹಾರ ಹಾಕಿದೆ:
ಶ್ರದ್ಧಾಂಜಲಿ, ನಾಲ್ಕಕ್ಕೆ ಮೂರಡಿ.
ಮಗ ಬಂದು ನೋಡಿ
ಏನೂ ಹೇಳಲಿಲ್ಲ. ಮೀಸೆ ಹಾಗೇ ಬಿಟ್ಟೆ.

ಎರಡನೆಯದನ್ನೇ ತಗೊಂಡೆ, ಹದಿನೆಂಟು ಕಂತು.
ಗಣೇಶನ ಹಬ್ಬ ತಲೆಮೇಲಿದೆ, ಇನ್ನೇನು ಮಾಡಲಿ.

ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟು
ಸುಮ್ಮನೆ ಕಳೆದು ನೋಡಿದೆ:
ಬ್ಯಾನರಿಗೆ ತೊಂಬತ್ತೊಂಬತ್ತು ಸೆಕೆಂಡು ಉಳಿತಾಯ.
ಅಷ್ಟರಲ್ಲಿ
ಒಂದು ಮೀಸೆ ಕಪ್ಪು ಮಾಡಬಹುದು.