ಒಂದಾನೊಂದು ಕಾಲದ

ಹಿದ್ದ್‌ನ ಹಡಗುಕಟ್ಟೆಯಲ್ಲಿ ನಾನು ಹಾಜರಿ ಗುಮಾಸ್ತ.
ಹಗಲಿಡೀ ಇದ್ದವರ ಲೆಕ್ಕ:
ವೆಲ್ಡರು ನಲವತ್ತೊಂದು, ಪೇಂಟರು ಹದಿನೆಂಟು,
ರಜೆ ಇಬ್ಬರು, ಜ್ವರ ಒಬ್ಬ.

ರಾತ್ರಿ ಅದ್ಲಿಯಾದ ನಸ್ರಿ ಮೇಷ್ಟರ ಮನೆ.
ಅವರ ಕಣ್ಣಿಗೆ ಪೊರೆ; ನನ್ನ ಬಳಿ
ಜೆಪ್ಪು ಸೆಮಿನರಿಯಲ್ಲಿ ಮೂರು ವರ್ಷ ಕಲಿತು
ದೇವರ ಜೊತೆ ಬಿಟ್ಟುಬರಲಾಗದ ಲ್ಯಾಟಿನ್.
ಪುಟಕ್ಕೆ ಎರಡು ದಿನಾರ್, ಏಲಕ್ಕಿ ಕಾಫಿ ಬೇರೆ.
ಪರದೆಯ ಮೇಲೆ ಕುರಿದೊಗಲಿನ ದಾನಪತ್ರಗಳು,
ಮೂಲೆ ಇಲಿ ತಿಂದದ್ದು, ಮೇಣದ ಮುದ್ರೆ ಉದುರಿದ್ದು.

ಶಿಲುಬೆ ಹೊತ್ತು ಬಂದ ಗೆರಾರ್ದನೆಂಬ ಒಡೆಯ
ಸತ್ತದ್ದು ಎಂದು?
ವೃತ್ತಾಂತ ಬರೆದ ಸನ್ಯಾಸಿಗೆ ಅನುಮಾನವೇ ಇಲ್ಲ:
ಸಾವಿರದ ನೂರ ಎಪ್ಪತ್ತೊಂಬತ್ತು, ಹೊಳೆದಂಡೆ, ಕಾಳಗ,
ಎದೆಗೆ ಬಾಣ, ಬಾಯಲ್ಲಿ ದೇವರ ಹೆಸರು.
ಥೇಟ್ ನಮ್ಮ ವೀರಗಲ್ಲು,
ಅಪ್ಸರೆಯರು ಮಾತ್ರ ಇಲ್ಲ.
ಆದರೆ ಎರಡು ವರ್ಷದ ಮೇಲೆ, ಬೇಸಗೆ,
ಮೇಷ್ಟರು ಅಕ್ಕಾ ಎನ್ನುವ ಬಂದರಿನಲ್ಲಿ
ಯಾರೋ ಒಬ್ಬ ರೊಟ್ಟಿಯ ಒಲೆ ಮಾರುತ್ತಾನೆ;
ಸಾಕ್ಷಿಗಳಲ್ಲಿ ಏಳನೆಯವ: ಗೆರಾರ್ದ.
ಸತ್ತವನು ಒಲೆಯ ವ್ಯಾಪಾರಕ್ಕೆ ಬರುವುದಿಲ್ಲ.

'ಮುಂದಿನದು?' ಅಂದರು ಮೇಷ್ಟರು.
ಮುಂದಿನದು ಅವನ ಹೆಂಡತಿಯದು, ಮರುವರ್ಷದ ಚಳಿ.
ಮಠಕ್ಕೆ ಆಲಿವ್ ತೋಟ, 'ಅವನ ಆತ್ಮಕ್ಕಾಗಿ'.
ಅಷ್ಟು ಸಾಲದು, ಬದುಕಿದ್ದವರ ಆತ್ಮಕ್ಕೂ ಕೊಡುತ್ತಿದ್ದರು.
ಪಕ್ಕದಲ್ಲೇ ಒಂದು ಪದ, ಜಾಗ ಉಳಿಸಲು ಮೊಟಕಾಗಿ ಬರೆದದ್ದು:
ಕ್ವೊಂದಂ.
ಒಂದಾನೊಂದು ಕಾಲದ ಗೆರಾರ್ದನ ಹೆಂಡತಿ.
ಅಜ್ಜಿ ಆ ಮಾತು ಅಂದರೆ ನಮಗೆ ಕತೆ ಶುರು.
ಇಲ್ಲಿ ಮನುಷ್ಯ ಮುಗಿದ.

'ಒಲೆಗೂ ಆಲಿವಿಗೂ ನಡುವೆ, ಹದಿನಾರು ತಿಂಗಳು.
ಬರೆದುಕೋ. ಅದಕ್ಕಿಂತ ಹತ್ತಿರ ಹೋದರೆ ಸುಳ್ಳು.'

ಉಮಾಕಾಂತ ಹರಿಕಂತ್ರ, ಊರು ಮಾಜಾಳಿ,
ಪೇಂಟರು, ನಂಬರು ೩೧೭.
ಶನಿವಾರ ಹನ್ನೊಂದಕ್ಕೆ ಕ್ಯಾಂಪಿನಿಂದ ಫೋನು:
ಮೇಲಿನ ಮಂಚ, ಗೋಡೆಗೆ ಮುಖ.
ಶುಕ್ರವಾರ ರಜೆ; ಮಲಗಿದ್ದಾನಲ್ಲ ಅಂತ
ಜೊತೆಯವರು ದನಿ ತಗ್ಗಿಸಿ ಇಸ್ಪೀಟು ಆಡಿದ್ದರು.
ಏಸಿ ಓಡುತ್ತಲೇ ಇತ್ತು.
ಡಾಕ್ಟರು ಶನಿವಾರ ಅಂತ ಬರೆದು ಸಹಿ ಹಾಕಿದರು.

ಮೂರನೆಯ ದಿನ ಸುಗಂಧಿಯ ಕರೆ, ಒಣಗಿದ ದನಿ.
'ಶುಕ್ರವಾರ ಏಕಾದಶಿ, ಶನಿವಾರ ದ್ವಾದಶಿ.
ಯಾವ ತಿಥಿ ಹಿಡೀಲಿ? ನೀವು ಬರೆಯೋರಲ್ಲವಾ?'

ಕಾಗದ ಕೂಡಿಸಿದೆ.
ಗುರುವಾರ ಏಳೂಹತ್ತು, ಓವರ್‌ಟೈಮ್ ಪುಸ್ತಕದಲ್ಲಿ ಅವನ ಸೊಟ್ಟ ಸಹಿ.
ಎಂಟೂವರೆ, ಊರಿಗೆ ನಲವತ್ತು ದಿನಾರ್ ಕಳಿಸಿದ ಚೀಟಿ.
ಕೋಲ್ಡ್ ಸ್ಟೋರಿನ ಸಾಲದ ಪುಸ್ತಕದಲ್ಲಿ ಶುಕ್ರವಾರ
ಕುಬ್ಬೂಸ್ ಒಂದು, ಮೊಸರು ಒಂದು;
ಆದರೆ ಅವನ ಹೆಸರಲ್ಲಿ ಯಾರು ಬೇಕಾದರೂ ತರುತ್ತಿದ್ದರು,
ಅವನು ಬೇಡ ಅಂದವನಲ್ಲ.
'ಗುರುವಾರ ರಾತ್ರಿಗೂ ಶನಿವಾರ ಬೆಳಿಗ್ಗೆಗೂ ನಡುವೆ' ಅಂದೆ,
ಮೇಷ್ಟರ ದನಿಯಲ್ಲಿ.
ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.
'ಎರಡು ದಿನವೂ ಎಲೆ ಹಾಕ್ತೀನಿ.
ಕಾಗೆಗೆ ಗೊತ್ತಿರ್ತದೆ.'

ಒಂದು ಕಾಗದದ ಮಾತು ಅವಳಿಗೆ ಹೇಳಲಿಲ್ಲ.
ಶನಿವಾರ ಐದೂಮುಕ್ಕಾಲು, ಬಸ್ಸುಗಳ ಗದ್ದಲ,
ಕಡಲ ತೇವಕ್ಕೆ ಕನ್ನಡಕ ಮಂಜಾಗಿ
ಮುಖ ನೋಡದೆ ಗೀಚುತ್ತ ಹೋಗಿದ್ದೆ:
೩೧೬ ಹಾಜರ್. ೩೧೭ ಹಾಜರ್. ೩೧೮ ಹಾಜರ್.
ನನ್ನದೇ ಕೈ, ನೀಲಿ ಶಾಯಿ, ತಿದ್ದಿಲ್ಲದ ಅಕ್ಷರ.
ಎಂಟುನೂರು ವರ್ಷದ ಮೇಲೆ ಯಾರಾದರೂ ಬಿಡಿಸಿದರೆ
ಆ ಬೆಳಿಗ್ಗೆ ಉಮಾಕಾಂತ ಡಾಕಿಗಿಳಿದು
ಹಡಗಿನ ಹೊಟ್ಟೆಗೆ ಕೆಂಪು ಬಳಿಯುತ್ತಿರುತ್ತಾನೆ.

ನಿನ್ನೆ ಮತ್ತೆ ಅದ್ಲಿಯಾ. ಕಾಫಿ ಆರುತ್ತಿತ್ತು.
ಒಲೆಯ ಪತ್ರವನ್ನು ದೊಡ್ಡದು ಮಾಡಿ ನೋಡಿದೆ,
ಏಳನೆಯ ಹೆಸರು ಅಲ್ಲೇ ಇದೆ, ಅಂದವಾಗಿ.
ಅದನ್ನು ಬರೆದ ಗುಮಾಸ್ತ
ತಲೆ ಎತ್ತಿ ನೋಡಿದ್ದನೇ?